ರಕ್ತಕ್ಕೆ ಬ್ಯಾಕ್ಟೀರಿಯಾ ಇಳಿದಾಗ ಯಾರ ಜೀವಕ್ಕೆ ಅಪಾಯ ಜಾಸ್ತಿ?

ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ, ಪಾಸಿಟಿವ್ ಬಂದಿದೆ ಅಂತ ಹೇಳಿದ ತಕ್ಷಣ ರೋಗಿಯ ಕಡೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: "ಯಾವ ಬ್ಯಾಕ್ಟೀರಿಯಾ ಡಾಕ್ಟ್ರೇ? ತುಂಬಾ ಕೆಟ್ಟದ್ದಾ?" ಕೇಳಬೇಕಾದ ಪ್ರಶ್ನೆಯೇ, ತಪ್ಪಿಲ್ಲ. ಆದರೆ ರೋಗಿ ಉಳಿಯುತ್ತಾರಾ ಇಲ್ಲವಾ ಅನ್ನುವುದನ್ನು ಆ ಹೆಸರೊಂದೇ ಹೇಳುವುದಿಲ್ಲ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಇದು ಎಲ್ಲಿಂದ ರಕ್ತಕ್ಕೆ ಬಂತು? ಬಂದ ಜಾಗ ಇನ್ನೂ ಹಾಗೇ ಇದೆಯಾ? ಈ ಹೊತ್ತಿಗೆ ರೋಗಿಯ ಸ್ಥಿತಿ ಹೇಗಿದೆ? ಇವತ್ತಿನ ಈ ಉಪನ್ಯಾಸದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಈ ಪ್ರಶ್ನೆಗಳ ಮೇಲೆಯೇ.

ಮೊದಲು ಒಂದು ಸಮಾಧಾನದ ಮಾತು. ರಕ್ತದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಂಡ ಮಾತ್ರಕ್ಕೆ ಸಾವು ಹತ್ತಿರ ಬಂತು ಅಂತ ಅಲ್ಲ. ನೀವು ಬೆಳಿಗ್ಗೆ ಹಲ್ಲುಜ್ಜುವಾಗಲೂ ವಸಡಿನ ಸಂದಿಯಿಂದ ಒಂದಿಷ್ಟು ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗಬಹುದು. ನಿಮಗೆ ಗೊತ್ತೇ ಆಗುವುದಿಲ್ಲ. ಲಿವರ್ ಮತ್ತು ಗುಲ್ಮ, ಅಂದರೆ ಸ್ಪ್ಲೀನ್, ಸ್ವಲ್ಪ ಹೊತ್ತಿನಲ್ಲೇ ಅವನ್ನು ಹಿಡಿದು ಮುಗಿಸುತ್ತವೆ. ತೊಂದರೆ ಶುರುವಾಗುವುದು ಅವು ಮತ್ತೆ ಮತ್ತೆ ಬರುತ್ತಲೇ ಇದ್ದಾಗ, ಅಥವಾ ತಡೆಯಬೇಕಾದ ದೇಹಕ್ಕೆ ಶಕ್ತಿ ಇಲ್ಲದಿದ್ದಾಗ. ಆಗ ದೇಹ ತಾನೇ ಹತೋಟಿ ತಪ್ಪಿ ಪ್ರತಿಕ್ರಿಯಿಸುತ್ತದೆ, ಕಿಡ್ನಿ, ಶ್ವಾಸಕೋಶ, ಮೆದುಳು ಒಂದೊಂದಾಗಿ ಕೈಕೊಡುತ್ತವೆ. ಇದನ್ನೇ ಸೆಪ್ಸಿಸ್ ಅನ್ನುವುದು. 2017ರಲ್ಲಿ ಪ್ರಪಂಚದಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ, ಅವರಲ್ಲಿ 1.1 ಕೋಟಿ ಜನ ತೀರಿಕೊಂಡರು ಅನ್ನುವುದು ಒಂದು ಅಂದಾಜು. ಆ ವರ್ಷ ಸತ್ತವರಲ್ಲಿ ಐದರಲ್ಲೊಬ್ಬರು ಅಂದ ಹಾಗಾಯಿತು. ಎಲ್ಲವೂ ರಕ್ತದ ಸೋಂಕಲ್ಲ, ಎಲ್ಲವೂ ಬ್ಯಾಕ್ಟೀರಿಯಾದ್ದೂ ಅಲ್ಲ. ಆದರೂ ವಿಷಯ ಎಷ್ಟು ದೊಡ್ಡದು ಅಂತ ಅಂದಾಜು ಸಿಗಲಿ ಅಂತ ಹೇಳಿದೆ.

ರೋಗಿಯ ಸ್ಥಿತಿ ಎಷ್ಟು ಗಂಭೀರ ಅಂತ ಅಳೆಯಲು ಪಿಟ್ ಸ್ಕೋರ್ ಅಂತ ಒಂದಿದೆ. ನನಗೆ ಅದು ಇಷ್ಟ, ಯಾಕೆ ಅಂತ ಹೇಳುತ್ತೇನೆ. ಅದರಲ್ಲಿ ನೋಡುವುದು ಐದೇ ಸಂಗತಿ. ಮೈಬಿಸಿ ಎಷ್ಟು, ಬಿಪಿ ಬಿದ್ದಿದೆಯಾ, ವೆಂಟಿಲೇಟರ್ ಹಾಕಿದ್ದಾರಾ, ಹೃದಯ ನಿಂತಿತ್ತಾ, ಪ್ರಜ್ಞೆ ಹೇಗಿದೆ. ಬಿಪಿ ಬಿದ್ದಿದ್ದರೆ ಎರಡು ಅಂಕ, ವೆಂಟಿಲೇಟರಿಗೆ ಎರಡು, ಹೃದಯ ನಿಂತಿದ್ದರೆ ನಾಲ್ಕು. ಗೊಂದಲದಲ್ಲಿ ಏನೇನೋ ಮಾತಾಡುತ್ತಿದ್ದರೆ ಒಂದು, ಮಂಪರಿನಲ್ಲಿದ್ದರೆ ಎರಡು, ಕೋಮಾಕ್ಕೆ ಹೋಗಿದ್ದರೆ ನಾಲ್ಕು. ಒಟ್ಟು ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ರೋಗಿ ತೀವ್ರ ಅಪಾಯದಲ್ಲಿದ್ದಾರೆ ಅಂತ ಲೆಕ್ಕ. ಗಮನಿಸಿದಿರಾ? ಇದರಲ್ಲಿ ಬ್ಯಾಕ್ಟೀರಿಯಾದ ಹೆಸರೇ ಇಲ್ಲ. ವಯಸ್ಸೂ ಇಲ್ಲ. ಲ್ಯಾಬಿನ ಒಂದೇ ಒಂದು ರಿಪೋರ್ಟೂ ಬೇಡ. ಹಾಸಿಗೆ ಪಕ್ಕ ನಿಂತು ನೋಡಿದರೆ ಸಾಕು. ಇಷ್ಟಾದರೂ ಯಾರು ಉಳಿಯುತ್ತಾರೆ, ಯಾರು ಉಳಿಯುವುದು ಕಷ್ಟ ಅನ್ನುವುದನ್ನು ಇದು ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತದೆ.

ಮೈಬಿಸಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆ ಸ್ಕೋರಿನಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಎರಡು ಅಂಕ. 35 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಳಿದರೂ ಎರಡೇ ಅಂಕ. ಅಂದರೆ ಮೈ ತಣ್ಣಗಾಗುವುದನ್ನೂ ಜೋರು ಜ್ವರದಷ್ಟೇ ಕೆಟ್ಟದ್ದು ಅಂತ ಅದು ಎಣಿಸುತ್ತದೆ. ಸೆಪ್ಸಿಸ್ ಆದವರಲ್ಲಿ ಜ್ವರ ಬಂದವರಿಗಿಂತ ಮೈ ತಣ್ಣಗಾದವರೇ ಹೆಚ್ಚು ಸಾಯುತ್ತಾರೆ ಅನ್ನುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ವಯಸ್ಸಾದವರಲ್ಲಿ, ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ರಕ್ತದ ತುಂಬಾ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಅವರು ಊಟ ಬಿಡುತ್ತಾರೆ, ಮಂಕಾಗುತ್ತಾರೆ, ಮಗನ ಹೆಸರು ಮರೆಯುತ್ತಾರೆ, ಉಸಿರು ಜೋರಾಗುತ್ತದೆ. ಮನೆಯವರು "ಜ್ವರ ಏನೂ ಇಲ್ವಲ್ಲ" ಅಂತ ಒಂದು ದಿನ ಕಾಯುತ್ತಾರೆ. ಆ ಒಂದು ದಿನ ತುಂಬಾ ದುಬಾರಿ. ನಿಮ್ಮಲ್ಲಿ ನರ್ಸಿಂಗ್ ಓದುವವರು ಇದ್ದೀರಲ್ಲ, ನಿಮಗೊಂದು ಮಾತು: ಉಸಿರಾಟವನ್ನು ನಿಜವಾಗಿ ಎಣಿಸಿ. ಚಾರ್ಟಿನಲ್ಲಿ ಎಲ್ಲರಿಗೂ 18 ಅಂತ ಬರೆಯುವ ಅಭ್ಯಾಸ ಒಂದಿದೆ. ನಿಮಿಷಕ್ಕೆ 22 ದಾಟಿದ್ದರೆ ಅದು ಬಿಪಿ ಬೀಳುವುದಕ್ಕೂ ಮೊದಲೇ ಬಂದ ಸೂಚನೆ ಆಗಿರಬಹುದು.

ಬಿಪಿಯೂ ಹಾಗೇ, ಕೆಲವು ಸಲ ನಮ್ಮನ್ನು ಏಮಾರಿಸುತ್ತದೆ. ನೋಡುವುದಕ್ಕೆ ಸರಿಯಾಗೇ ಇರುತ್ತದೆ, ಆದರೆ ಅಂಗಾಂಗಗಳಿಗೆ ರಕ್ತ ಸಾಲುತ್ತಿರುವುದಿಲ್ಲ. ಅದನ್ನು ತೋರಿಸುವುದು ರಕ್ತದ ಲ್ಯಾಕ್ಟೇಟ್. ಲೀಟರಿಗೆ ಎರಡು ಮಿಲಿಮೋಲ್‌ಗಿಂತ ಮೇಲೆ ಹೋದರೆ ಎಚ್ಚರ, ನಾಲ್ಕು ದಾಟಿದರೆ ಸಾವಿನ ಅಪಾಯ ಸ್ಪಷ್ಟವಾಗಿ ಏರುತ್ತದೆ. ಮೂತ್ರ ಕಡಿಮೆಯಾಗುವುದು, ಪ್ಲೇಟ್‌ಲೆಟ್ ಇಳಿಯುವುದು, ಬಿಲಿರುಬಿನ್ ಏರುವುದು ಇವೆಲ್ಲ ಇದೇ ಸಾಲಿಗೆ ಸೇರಿದವು. ಒಂದೊಂದು ಅಂಗ ಸೋತ ಹಾಗೆ ಅಪಾಯ ಮೇಲೆ ಹೋಗುತ್ತದೆ.

ಇನ್ನು ಯಾರ ದೇಹ ಅನ್ನುವ ಪ್ರಶ್ನೆ. ವಯಸ್ಸು ಪಟ್ಟಿಯಲ್ಲಿ ಯಾವಾಗಲೂ ಇರುತ್ತದೆ. ಆದರೆ ಬರೀ ವಯಸ್ಸು ಅಲ್ಲ, ವಯಸ್ಸಿನ ಜೊತೆ ಬಂದಿರುವ ಕಾಯಿಲೆಗಳು ಮತ್ತು ಸೊರಗಿದ ಮೈ ಮುಖ್ಯ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ 80ರ ಅಜ್ಜಿಗಿಂತ, ಲಿವರ್ ಸಿರೋಸಿಸ್ ಇರುವ 50ರ ವ್ಯಕ್ತಿಗೆ ಅಪಾಯ ಜಾಸ್ತಿ ಇರಬಹುದು. ಆಗಲೇ ಹೇಳಿದೆನಲ್ಲ, ರಕ್ತ ಸೋಸುವ ಕೆಲಸದಲ್ಲಿ ಲಿವರಿನದು ದೊಡ್ಡ ಪಾಲು. ಅದೇ ಕೆಟ್ಟರೆ ಜರಡಿಯೇ ಹರಿದ ಹಾಗೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಿಳಿ ರಕ್ತಕಣ ಇಳಿದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಅಂಗಾಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು, ರಕ್ತದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ತೀರಾ ಇಳಿದವರು ಇವರೆಲ್ಲರಿಗೂ ಅಪಾಯ ಹೆಚ್ಚು. ಗುಲ್ಮ ತೆಗೆಸಿಕೊಂಡವರದು ಬೇರೆಯೇ ಕಥೆ. ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಅವರ ರಕ್ತಕ್ಕೆ ಸೇರಿದರೆ, ಬೆಳಿಗ್ಗೆ ಚೆನ್ನಾಗಿದ್ದವರು ಒಂದೆರಡು ದಿನದೊಳಗೆ ಹೋಗಿಬಿಡಬಹುದು. ಅದಕ್ಕೇ ಅವರಿಗೆ ಲಸಿಕೆ ಹಾಕಿಸುವುದು, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ ಅಂತ ಹೇಳಿ ಕಳಿಸುವುದು.

ಸಕ್ಕರೆ ಕಾಯಿಲೆ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಇಲ್ಲಿ ಎರಡು ವಿಷಯ ಬೆರೆತುಹೋಗುತ್ತವೆ. ಸೋಂಕು ತಗಲುವ ಅಪಾಯ ಬೇರೆ, ತಗಲಿದ ಮೇಲೆ ಸಾಯುವ ಅಪಾಯ ಬೇರೆ. ಸಕ್ಕರೆ ಕಾಯಿಲೆ ಇದ್ದವರಿಗೆ ರಕ್ತದ ಸೋಂಕು ತಗಲುವ ಸಾಧ್ಯತೆ ಜಾಸ್ತಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಸೋಂಕು ತಗಲಿದವರನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಸಿರೋಸಿಸ್ ಅಥವಾ ಕ್ಯಾನ್ಸರ್ ತೂಗುವಷ್ಟು ತೂಕ ಅದು ತೂಗುವುದಿಲ್ಲ.

ಈಗ ನನ್ನ ಮುಖ್ಯ ವಿಷಯ, ಮೂಲ. ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಇಬ್ಬರ ರಕ್ತದಲ್ಲೂ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ. ಇಬ್ಬರದೂ ಒಂದೇ ಔಷಧಕ್ಕೆ ಬಗ್ಗುವಂಥದ್ದು. ಒಬ್ಬರಿಗೆ ಮೂತ್ರದ ಸೋಂಕಿನಿಂದ ಬಂದಿದೆ, ಮೂತ್ರ ಸರಾಗವಾಗಿ ಹೋಗುತ್ತಿದೆ. ಇನ್ನೊಬ್ಬರಿಗೆ ಕರುಳು ತೂತಾಗಿ ಹೊಟ್ಟೆಯೊಳಗೆ ಕೀವು ತುಂಬಿದೆ. ಲ್ಯಾಬಿನಿಂದ ಬರುವ ಕಾಗದ ಎರಡೂ ಒಂದೇ ಥರ ಇರುತ್ತದೆ. ಮೊದಲನೆಯವರು ಬಹುತೇಕ ಗುಣವಾಗಿ ಮನೆಗೆ ಹೋಗುತ್ತಾರೆ. ಎರಡನೆಯವರಿಗೆ ಆಪರೇಷನ್ ಆಗದಿದ್ದರೆ ಎಂಥ ಆಂಟಿಬಯಾಟಿಕ್ ಕೊಟ್ಟರೂ ಉಳಿಯುವುದು ಕಷ್ಟ. ಹುತ್ತ ಬಡಿದರೆ ಹಾವು ಸಾಯುತ್ತದಾ ಅಂತ ಗಾದೆಯೇ ಇದೆಯಲ್ಲ. ಕೀವು ಒಳಗೇ ಇರುವಾಗ ರಕ್ತಕ್ಕೆ ಔಷಧ ಸುರಿಯುವುದು ಅಷ್ಟೇ. ಕೀವಿನ ಗಡ್ಡೆಯೊಳಗೆ ರಕ್ತ ಓಡಾಟ ಇರುವುದಿಲ್ಲ, ಔಷಧ ಸಾಕಷ್ಟು ತಲುಪುವುದೇ ಇಲ್ಲ.

ಅಧ್ಯಯನಗಳಲ್ಲೂ ಇದೇ ಕಾಣುತ್ತದೆ. ಮೂತ್ರದ ದಾರಿಯಿಂದ ಬಂದ ರಕ್ತದ ಸೋಂಕಿನಲ್ಲಿ ಸಾವು ಕಡಿಮೆ. ಶ್ವಾಸಕೋಶದಿಂದ, ಹೊಟ್ಟೆಯಿಂದ ಬಂದದ್ದರಲ್ಲಿ ಜಾಸ್ತಿ. ಎಲ್ಲಿಂದ ಬಂತು ಅಂತಲೇ ಗೊತ್ತಾಗದಿದ್ದರೆ ಅದೂ ಕೆಟ್ಟದ್ದೇ, ಯಾಕಂದರೆ ಹುಡುಕಿ ತೆಗೆಯುವುದಕ್ಕೆ ಆಗುವುದಿಲ್ಲ. ಮೂತ್ರದ್ದು ಅಂತ ನಿರಾಳವಾಗಿ ಇರುವ ಹಾಗೂ ಇಲ್ಲ. ಕಲ್ಲು ಸಿಕ್ಕಿಹಾಕಿಕೊಂಡು ಮೂತ್ರನಾಳ ಕಟ್ಟಿದ್ದರೆ, ಆ ಕಿಡ್ನಿ ಒಂದು ಕೀವಿನ ಚೀಲವಾಗಿಬಿಡುತ್ತದೆ. ಸ್ಟೆಂಟ್ ಹಾಕಿಯೋ, ಬೆನ್ನಿನ ಕಡೆಯಿಂದ ಟ್ಯೂಬ್ ಇಳಿಸಿಯೋ ಆ ಒತ್ತಡವನ್ನು ತುರ್ತಾಗಿ ಇಳಿಸಬೇಕು. ಕಲ್ಲನ್ನು ಆಮೇಲೆ ನೋಡಿಕೊಳ್ಳಬಹುದು. ಪಿತ್ತನಾಳ ಕಟ್ಟಿದಾಗಲೂ ಇದೇ ಮಾತು. ಹಾಗಾಗಿ ಕಲ್ಚರ್ ಪಾಸಿಟಿವ್ ಅಂತ ಫೋನ್ ಬಂದಾಗ ಆಂಟಿಬಯಾಟಿಕ್ ಬದಲಿಸುವುದರ ಜೊತೆಗೇ ಸ್ಕ್ಯಾನ್ ಆಗಿದೆಯಾ, ಯಾವುದಾದರೂ ನಳಿಕೆ ಕಟ್ಟಿದೆಯಾ, ಎಲ್ಲಾದರೂ ಕೀವು ನಿಂತಿದೆಯಾ ಅಂತ ನೋಡಬೇಕು. ಔಷಧ ಬದಲಿಸುವುದು ಸುಲಭ, ಕೂತಲ್ಲೇ ಬರೆಯಬಹುದು. ಸರ್ಜನ್‌ಗೆ ಫೋನ್ ಮಾಡಿ, ಮಧ್ಯರಾತ್ರಿ ಸ್ಕ್ಯಾನಿಗೆ ಕಳಿಸುವುದು ಕಷ್ಟದ ಕೆಲಸ. ಬಹುಶಃ ಅದಕ್ಕೇ ಮೊದಲನೆಯದು ಬೇಗ ಆಗುತ್ತದೆ, ಎರಡನೆಯದು ಬೆಳಗಾಗುವವರೆಗೆ ಕಾಯುತ್ತದೆ.

ಇನ್ನೊಂದು ಮೂಲ ನಾವೇ ಇಟ್ಟದ್ದು. ಕುತ್ತಿಗೆಗೋ ತೊಡೆಸಂದಿಗೋ ಹಾಕಿದ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳದೊಳಗೆ ಇಳಿಸುವ ನಳಿಕೆ. ಅದರ ಪ್ಲಾಸ್ಟಿಕ್ ಮೇಲೆ ಬ್ಯಾಕ್ಟೀರಿಯಾ ಪೊರೆ ಕಟ್ಟಿಕೊಂಡು ಕೂರುತ್ತವೆ, ಆ ಪೊರೆಯೊಳಗಿನವನ್ನು ಆಂಟಿಬಯಾಟಿಕ್ ಕೊಲ್ಲುವುದು ಬಹಳ ಕಷ್ಟ. ರೋಗಿಯ ಸ್ಥಿತಿ ಕೆಡುತ್ತಿದ್ದರೆ ಲೈನ್ ತೆಗೆಯಲೇಬೇಕು. ಇಂಥ ಸಾವುಗಳನ್ನು ಮೊದಲೇ ತಡೆಯಬಹುದು ಅಂತ ತೋರಿಸಿದ್ದು ಅಮೆರಿಕದ ಮಿಶಿಗನ್‌ನಲ್ಲಿ ನಡೆದ ಕೆಲಸ, 2006ರಲ್ಲಿ ಪ್ರಕಟವಾಯಿತು. ಸುಮಾರು ನೂರು ಐಸಿಯುಗಳಲ್ಲಿ ಮಾಡಿದ್ದು ಇಷ್ಟು: ಕೈ ತೊಳೆಯುವುದು, ಲೈನ್ ಹಾಕುವಾಗ ಗೌನು, ಮಾಸ್ಕು, ದೊಡ್ಡ ಸ್ಟೆರೈಲ್ ಹೊದಿಕೆ ಎಲ್ಲ ಬಳಸುವುದು, ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಾಶಕದಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿ ಬಿಡುವುದು, ಬೇಡದ ಲೈನನ್ನು ಅವತ್ತೇ ತೆಗೆಯುವುದು. ಲೈನಿನಿಂದ ಬರುವ ರಕ್ತದ ಸೋಂಕು ಮೂರನೇ ಎರಡು ಭಾಗದಷ್ಟು ಇಳಿಯಿತು, ಒಂದೂವರೆ ವರ್ಷ ಆದ ಮೇಲೂ ಹಾಗೇ ಉಳಿಯಿತು. ಹೊಸ ಔಷಧ ಯಾವುದೂ ಇರಲಿಲ್ಲ.

ಸರಿ, ಈಗ ಹೆಸರಿಗೆ ಬರೋಣ. ಹೆಸರು ಮುಖ್ಯ ಅಲ್ಲ ಅಂತ ನಾನು ಹೇಳಲಿಲ್ಲ. ಸ್ಟೆಫಿಲೊಕಾಕಸ್ ಆರಿಯಸ್ ಅಂತ ಬಂದರೆ ನಮ್ಮ ಕೈಕಾಲು ಚುರುಕಾಗಬೇಕು. ಪೆನಿಸಿಲಿನ್ ಬರುವುದಕ್ಕೆ ಮೊದಲು, 1941ರಲ್ಲಿ ಬಾಸ್ಟನ್‌ನಿಂದ 122 ರೋಗಿಗಳ ವರದಿ ಪ್ರಕಟವಾಯಿತು, ಅವರಲ್ಲಿ ನೂರಕ್ಕೆ 82 ಜನ ಉಳಿಯಲಿಲ್ಲ. ಇವತ್ತಿಗೂ ಈ ಸೋಂಕಿನಲ್ಲಿ ತಿಂಗಳೊಳಗೆ ನೂರಕ್ಕೆ ಸುಮಾರು 20ರಿಂದ 30 ಜನ ಸಾಯುತ್ತಾರೆ. ಇದು ರಕ್ತದಲ್ಲಿ ಸುಮ್ನೆ ತೇಲಿಕೊಂಡು ಹೋಗುವುದಿಲ್ಲ. ಹೃದಯದ ಕವಾಟ, ಬೆನ್ನುಮೂಳೆ, ಕೃತಕ ಕೀಲು, ಸಿಕ್ಕಿದಲ್ಲಿ ಬೇರೂರುತ್ತದೆ. ಆದ್ದರಿಂದ ಎರಡು ದಿನಕ್ಕೊಮ್ಮೆಯಾದರೂ ಮತ್ತೆ ಕಲ್ಚರ್ ಕಳಿಸಬೇಕು, ಹೃದಯದ ಎಕೋ ಮಾಡಿಸಬೇಕು. ಔಷಧ ಶುರುವಾಗಿ ಎರಡು ಮೂರು ದಿನ ಆದರೂ ಕಲ್ಚರ್ ಪಾಸಿಟಿವ್ ಬರುತ್ತಲೇ ಇದ್ದರೆ ಅದು ಕೆಟ್ಟ ಸೂಚನೆ, ಎಲ್ಲೋ ಒಂದು ಗೂಡು ಉಳಿದಿದೆ ಅಂತ ಅರ್ಥ. ಔಷಧದ ಆಯ್ಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸೆಫಜೋಲಿನ್‌ನಂಥ ಔಷಧಕ್ಕೆ ಬಗ್ಗುವ ಆರಿಯಸ್ ಇದ್ದರೂ ಜಾಸ್ತಿ ಜೋರಿರಲಿ ಅಂತ ವ್ಯಾಂಕೊಮೈಸಿನ್ ಮುಂದುವರಿಸುವವರಿದ್ದಾರೆ. ಅದು ಜೋರಲ್ಲ, ಈ ಕೆಲಸಕ್ಕೆ ಅದು ಕಡಿಮೆಯೇ.

ಇದಕ್ಕೆ ಪೂರಾ ಉಲ್ಟಾ ಇನ್ನೊಂದು ಹೆಸರು, ಚರ್ಮದ ಮೇಲೆ ಸದಾ ಇರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್. ಕಲ್ಚರ್‌ಗೆ ಕಳಿಸಿದ ನಾಲ್ಕು ಬಾಟಲಿಯಲ್ಲಿ ಒಂದರಲ್ಲಿ ಮಾತ್ರ ಬೆಳೆದಿದ್ದರೆ ಬಹುಪಾಲು ಅದು ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿದ್ದು. ರೋಗಿಯ ರಕ್ತದ್ದಲ್ಲ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಇನ್ನೊಂದು ಗುಂಪು. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್ ಹೆಸರು ಐಸಿಯುನಲ್ಲಿ ಕೆಲಸ ಮಾಡುವವರಿಗೆಲ್ಲ ಬಾಯಿಪಾಠ. 2019ರಲ್ಲಿ ಪ್ರಪಂಚದಲ್ಲಿ 12.7 ಲಕ್ಷ ಸಾವುಗಳಿಗೆ ಔಷಧ ನಿರೋಧಕತೆಯೇ ನೇರ ಕಾರಣ ಅನ್ನುವ ಅಂದಾಜಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚು ಕ್ರೂರ ಅಂತ ಜನ ತಿಳಿಯುತ್ತಾರೆ. ಹಾಗೇ ಆಗಬೇಕು ಅಂತೇನಿಲ್ಲ. ಮೊದಲ ಎರಡು ಮೂರು ದಿನ ನಾವು ಊಹೆಯ ಮೇಲೆ ಕೊಟ್ಟ ಔಷಧ ಕೆಲಸ ಮಾಡಿರುವುದಿಲ್ಲ, ಅದೇ ದೊಡ್ಡ ಕಾರಣ. ಔಷಧದ ಆಯ್ಕೆ ಎಷ್ಟು ತೂಗುತ್ತದೆ ಅನ್ನುವುದಕ್ಕೆ 2018ರ ಮೆರಿನೊ ಪ್ರಯೋಗ ಒಳ್ಳೆಯ ಉದಾಹರಣೆ. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ರಕ್ತದಲ್ಲಿದ್ದವರಿಗೆ ಚೀಟಿ ಎತ್ತಿದ ಹಾಗೆ ಎರಡರಲ್ಲೊಂದು ಔಷಧ ಕೊಟ್ಟರು. ಮೆರೊಪೆನೆಮ್ ಪಡೆದವರಲ್ಲಿ 30 ದಿನದೊಳಗೆ ಸತ್ತವರು ನೂರಕ್ಕೆ 3.7. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಪಡೆದವರಲ್ಲಿ 12.3. ಲ್ಯಾಬ್ ರಿಪೋರ್ಟ್ ಪ್ರಕಾರ ಎರಡೂ ಔಷಧ ಕೆಲಸ ಮಾಡಬೇಕಿತ್ತು.

ಈ ಮೊದಲ ಎರಡು ಮೂರು ದಿನ ಯಾಕೆ ಕತ್ತಲೆಯಲ್ಲಿ ಹೋಗುತ್ತವೆ ಅಂತ ಗೊತ್ತಾಗಬೇಕಾದರೆ ಬಾಟಲಿಯ ಹಿಂದೆಯೇ ಹೋಗಬೇಕು. ದೊಡ್ಡವರಲ್ಲಿ ಬಾಟಲಿಗೆ 8ರಿಂದ 10 ಎಂಎಲ್ ರಕ್ತ ಬೇಕು, ಎರಡು ಬೇರೆ ಬೇರೆ ಜಾಗದಿಂದ ಎರಡು ಸೆಟ್. ಆಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆಯಬೇಕು. ತೆಗೆಯಲು ತಡವಾಗುತ್ತದೆ ಅಂತ ಕುಸಿಯುತ್ತಿರುವ ರೋಗಿಗೆ ಔಷಧ ನಿಲ್ಲಿಸಿಕೊಂಡು ಕೂರಬಾರದು, ಅದು ಬೇರೆ ಮಾತು. ಬಾಟಲಿ ಯಂತ್ರದೊಳಗೆ ಕೂರುತ್ತದೆ. ಬ್ಯಾಕ್ಟೀರಿಯಾ ಬೆಳೆದು ಬಿಡುವ ಇಂಗಾಲದ ಡೈಆಕ್ಸೈಡ್ ಕಂಡರೆ ಯಂತ್ರ ಸದ್ದು ಮಾಡುತ್ತದೆ. ಹೆಚ್ಚಿನವು ಮೊದಲ ಒಂದೆರಡು ದಿನದೊಳಗೆ ಕೂಗುತ್ತವೆ. 12 ಗಂಟೆಯೊಳಗೇ ಕೂಗಿದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಹೇರಳವಾಗಿದೆ ಅಂತ ಅರ್ಥ, ಅಂಥವರಲ್ಲಿ ಸಾವೂ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಆಮೇಲೆ ಗ್ರಾಂ ಸ್ಟೇನ್, ಅಂದರೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು, ಆಮೇಲೆ ಹೆಸರು, ಅದಾದ ಮೇಲೆ ಯಾವ ಔಷಧಕ್ಕೆ ಬಗ್ಗುತ್ತದೆ ಅನ್ನುವ ಪಟ್ಟಿ. ಗ್ರಾಂ ಸ್ಟೇನ್ ನೋಡಿದ ಲ್ಯಾಬಿನವರು ಕಂಪ್ಯೂಟರಿಗೆ ಹಾಕಿ ಸುಮ್ಮನಾಗುತ್ತಾರಾ, ಇಲ್ಲ ವಾರ್ಡಿಗೆ ಫೋನ್ ಮಾಡುತ್ತಾರಾ ಅನ್ನುವುದೂ ಒಂದು ಅಪಾಯದ ಅಂಶ ಅಂತಲೇ ನಾನು ಎಣಿಸುತ್ತೇನೆ. ಯಾವ ಪಟ್ಟಿಯಲ್ಲೂ ಅದು ಸಿಗುವುದಿಲ್ಲ.

ಸಮಯದ ಬಗ್ಗೆ ಎಲ್ಲರೂ ಹೇಳುವ ಒಂದು ಅಂಕಿ ಇದೆ. 2006ರಲ್ಲಿ ಕುಮಾರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಸೆಪ್ಟಿಕ್ ಶಾಕ್, ಅಂದರೆ ಸೆಪ್ಸಿಸ್‌ನಿಂದ ಬಿಪಿ ಕುಸಿದ ಸ್ಥಿತಿ, ಆದವರಲ್ಲಿ ಬಿಪಿ ಬಿದ್ದ ಮೇಲೆ ಮೊದಲ ಆರು ಗಂಟೆಯಲ್ಲಿ, ಸರಿಯಾದ ಔಷಧ ತಡವಾದ ಪ್ರತಿ ಗಂಟೆಗೂ ಬದುಕುವ ಪ್ರಮಾಣ ಸರಾಸರಿ ನೂರಕ್ಕೆ 7.6ರಷ್ಟು ಇಳಿಯಿತು. ಇದು ಶಾಕ್‌ನಲ್ಲಿರುವವರ ಲೆಕ್ಕ ಅನ್ನುವುದನ್ನು ಮರೆಯಬೇಡಿ. ಜ್ವರ ಬಂದು ಕೂತು ಮಾತಾಡುತ್ತಿರುವವರಿಗೆ ಇದೇ ಲೆಕ್ಕ ಹಾಕಿ ಹೆದರಿಸುವುದು ಸರಿಯಲ್ಲ. ಈಗಿನ ಮಾರ್ಗಸೂಚಿಯೂ ಹಾಗೇ ಬೇರೆ ಮಾಡುತ್ತದೆ: ಶಾಕ್ ಇದ್ದರೆ ಒಂದು ಗಂಟೆಯೊಳಗೆ ಔಷಧ, ಶಾಕ್ ಇಲ್ಲದೆ ಬರೀ ಸೆಪ್ಸಿಸ್ ಅನುಮಾನ ಇದ್ದರೆ ಬೇಗ ಪರೀಕ್ಷೆ ಮಾಡಿ, ಅನುಮಾನ ಹೋಗದಿದ್ದರೆ ಮೂರು ಗಂಟೆಯೊಳಗೆ.

ಇಂಥ ಅಂಕಿಗಳನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು. ಕೆಲವು ಅಧ್ಯಯನಗಳಲ್ಲಿ ಬೇಗ ಔಷಧ ಸಿಕ್ಕವರೇ ಹೆಚ್ಚು ಸತ್ತ ಹಾಗೆ ಕಾಣುತ್ತದೆ. ಯಾಕೆ ಗೊತ್ತಾ? ತೀರಾ ಕೆಟ್ಟ ಸ್ಥಿತಿಯಲ್ಲಿ ಬಂದವರಿಗೆ ಎಲ್ಲರೂ ಓಡಿ ಬಂದು ಔಷಧ ಕೊಡುತ್ತಾರೆ. ಸತ್ತಿದ್ದು ಆ ಸ್ಥಿತಿಯಿಂದ. ಇದರ ಉಲ್ಟಾನೂ ಇದೆ. ಆರಿಯಸ್ ಸೋಂಕಿನಲ್ಲಿ ಸೋಂಕುರೋಗ ತಜ್ಞರು ಬಂದು ನೋಡಿದವರಲ್ಲಿ ಸಾವು ಕಡಿಮೆ. ಇದನ್ನು ನಾನೂ ನಂಬುತ್ತೇನೆ, ತಜ್ಞರನ್ನು ಕರೆಯಿರಿ ಅಂತಲೇ ಹೇಳುತ್ತೇನೆ. ಆದರೆ ತಜ್ಞರು ಬರುವುದು ಎರಡನೇ ದಿನವೋ ಮೂರನೇ ದಿನವೋ. ಮೊದಲ ದಿನವೇ ತೀರಿಕೊಂಡವರೆಲ್ಲ "ತಜ್ಞರು ನೋಡಲಿಲ್ಲ" ಅನ್ನುವ ಕಡೆಗೆ ಸೇರಿಬಿಡುತ್ತಾರೆ. ಅಷ್ಟು ದಿನ ಬದುಕಿದ್ದವರನ್ನು ಮಾತ್ರ ತಾನೇ ಅವರು ನೋಡಲು ಸಾಧ್ಯ? ಈ ಲೆಕ್ಕವನ್ನು ಸರಿಮಾಡಿ ನೋಡಿದ ಅಧ್ಯಯನಗಳನ್ನೇ ನಂಬಬೇಕು.

ಕೊನೆಯಲ್ಲಿ ಸಭೆಯಿಂದ ಒಬ್ಬರು ಕೇಳಿದರು, ಔಷಧ ಜಾಸ್ತಿ ದಿನ ಕೊಟ್ಟರೆ ಸಾವು ತಪ್ಪುತ್ತದಾ ಅಂತ. ಇದಕ್ಕೆ ಈಗ ಒಳ್ಳೆಯ ಉತ್ತರ ಇದೆ. 2024ರಲ್ಲಿ ಬ್ಯಾಲೆನ್ಸ್ ಅನ್ನುವ ಪ್ರಯೋಗ ಪ್ರಕಟವಾಯಿತು. ಏಳು ದೇಶಗಳ 74 ಆಸ್ಪತ್ರೆಗಳಲ್ಲಿ ರಕ್ತದ ಸೋಂಕಿದ್ದ 3,608 ರೋಗಿಗಳು. ಅರ್ಧ ಜನಕ್ಕೆ 7 ದಿನ, ಅರ್ಧ ಜನಕ್ಕೆ 14 ದಿನ ಔಷಧ. 90 ದಿನದೊಳಗೆ ಸತ್ತವರು 7 ದಿನದ ಗುಂಪಿನಲ್ಲಿ ನೂರಕ್ಕೆ 14.5, 14 ದಿನದ ಗುಂಪಿನಲ್ಲಿ 16.1. ಅಂದರೆ ಹೆಚ್ಚಿನವರಿಗೆ ಇನ್ನೊಂದು ವಾರ ಔಷಧ ಎಳೆದು ಲಾಭ ಇಲ್ಲ. ಆದರೆ ಸ್ಟೆಫಿಲೊಕಾಕಸ್ ಆರಿಯಸ್ ಇದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರನ್ನೂ ಬಿಟ್ಟಿದ್ದರು. ಆರಿಯಸ್ ಇದ್ದರೆ ದಿನ ಎಣಿಸಲು ಶುರುಮಾಡುವುದೇ ಕಲ್ಚರ್ ಮೊದಲ ಸಲ ನೆಗೆಟಿವ್ ಬಂದ ದಿನದಿಂದ. ಅಲ್ಲಿಂದ ಕಡಿಮೆ ಅಂದರೂ 14 ದಿನ, ಹೃದಯದ ಕವಾಟಕ್ಕೋ ಮೂಳೆಗೋ ಇಳಿದಿದ್ದರೆ ಆರು ವಾರದವರೆಗೂ ಹೋಗುತ್ತದೆ.